ಬಿಸಿಲಿಗೆ ಸಿಕ್ಕ ಮರಿಗಳು

"ಈ ಡಿಶ್ ಕಿಟಕಿ ಹತ್ತಿರ ಇಟ್ಟಿದ್ದು ಯಾರು?"

ಚಿಕ್ಕಮ್ಮ ಕೇಳಿದಾಗ ಪಟಾಕಿಯ ಬಾಯಿ ಕಟ್ಟಿಹೋಯಿತು. ಒಂದಕ್ಕೆ ಹತ್ತು ಮಾತಾಡುತ್ತಾಳೆಂದೇ ಮನೆಯಲ್ಲಿ ಅವಳಿಗೆ ಆ ಹೆಸರು ಬಿದ್ದಿತ್ತು.

"ನಾನೇ," ಎಂದಳು ಕೊನೆಗೆ. "ಬೆಳಕಲ್ಲಿಟ್ಟರೆ ಮರಿಗಳು ಕಾಣ್ತವೇನೋ ಅಂತ. ಆಮೇಲೆ ಮರೆತೇಬಿಟ್ಟೆ."

ಚಿಕ್ಕಮ್ಮ ಕಡಲ ಪ್ರಾಣಿಗಳ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ರಜೆಯಲ್ಲವೇ ಎಂದು ಅಕ್ಕನ ಮಗಳನ್ನು ಜೊತೆಗೆ ಕರೆತಂದಿದ್ದರು. ಆ ಚಪ್ಪಟೆ ಗಾಜಿನ ಡಿಶ್‌ನ ನೀರಿನಲ್ಲಿದ್ದದ್ದು ಸೀ ಅರ್ಚಿನ್ ಎಂಬ, ಮೈತುಂಬ ಮುಳ್ಳಿರುವ ಪ್ರಾಣಿಯ ಮರಿಗಳು. ಇನ್ನೂ ಪೂರ್ತಿ ಮರಿಗಳೂ ಆಗಿರಲಿಲ್ಲ. ಸಾಸಿವೆಗಿಂತ ಎಷ್ಟೋ ಚಿಕ್ಕ ಉಂಡೆಗಳು.

ಚಿಕ್ಕಮ್ಮ ಡಿಶ್ ಮುಟ್ಟಿ ನೋಡಿದರು. ಬೆಚ್ಚಗಾಗಿತ್ತು.

"ಕೋಪ ಬಂತಾ ಚಿಕ್ಕಮ್ಮ?"

"ಬಂದಿದೆ. ಸ್ವಲ್ಪ ಹೊತ್ತು ಇರುತ್ತೆ. ಹೋಗಿ ಆ ತಣ್ಣನೆಯ ಸಮುದ್ರದ ನೀರಿನ ಜಾರ್ ತಗೊಂಡು ಬಾ."

ಪಟಾಕಿ ಓಡಿಹೋಗಿ ತಂದಳು.

"ಒಂದೇ ಸಲ ಸುರೀಬೇಡ. ಮೊದಲೇ ಕಂಗಾಲಾಗಿವೆ. ಹನಿ ಹನಿಯಾಗಿ ಹಾಕು."

ಅವಳು ಉಸಿರು ಬಿಗಿಹಿಡಿದು ಹಾಕಿದಳು. ಆಮೇಲೆ ಮೈಕ್ರೋಸ್ಕೋಪಿನಲ್ಲಿ ಇಣುಕಿದಳು. ಬೆಳಿಗ್ಗೆ ಬುಗುರಿಯ ಹಾಗೆ ತಿರುಗುತ್ತಿದ್ದ ಉಂಡೆಗಳು ಮಂಕಾಗಿ ನಿಂತಿದ್ದವು. ಅವುಗಳ ಪಕ್ಕದಲ್ಲಿ ಸಣ್ಣ ಸಣ್ಣ ಕಪ್ಪು ಕಾಳುಗಳು.

"ಇದೇನು, ಕಸವಾ?"

"ಅಲ್ಲ, ಜೀವಕೋಶಗಳು. ನೂರಾರು ಜೀವಕೋಶ ಸೇರಿ ಒಂದು ಮರಿ. ಬಿಸಿ ತಾಕಿದಾಗ ಎಲ್ಲವೂ ತಮ್ಮನ್ನು ತಾವೇ ರಿಪೇರಿ ಮಾಡ್ಕೊಳ್ಳೋಕೆ ನೋಡ್ತವೆ. ಆಗದೇ ಇದ್ದವು ತಾವಾಗೇ ಸತ್ತು ಹೊರಗೆ ಬೀಳ್ತವೆ. ಕೆಟ್ಟದ್ದು ಒಳಗೇ ಉಳಿದರೆ ಇಡೀ ಮರಿಗೇ ತೊಂದರೆ."

"ಸಾಯಿ ಅಂತ ಅವಕ್ಕೆ ಯಾರು ಹೇಳ್ತಾರೆ?"

"ಯಾರೂ ಹೇಳಲ್ಲ. ಯಾವಾಗ, ಹೇಗೆ ಸಾಯ್ಬೇಕು ಅನ್ನೋದು ಪ್ರತಿಯೊಂದರ ಒಳಗೂ ಮೊದಲಿಂದಲೇ ಇರುತ್ತೆ."

ಪಟಾಕಿ ಮತ್ತೊಮ್ಮೆ ಆ ಕಾಳುಗಳನ್ನು ಇಣುಕಿ ನೋಡಿದಳು. "ನಾನು ಮರೀದೆ ಇದ್ದಿದ್ದರೆ ಅವು ಸಾಯ್ತಿರಲಿಲ್ಲ ಅಲ್ವಾ?"

"ಇಷ್ಟೊಂದು ಸಾಯ್ತಿರಲಿಲ್ಲ," ಎಂದರು ಚಿಕ್ಕಮ್ಮ. ಸಮಾಧಾನಕ್ಕೆಂದು ಸುಳ್ಳು ಹೇಳುವವರಲ್ಲ ಅವರು. "ಈ ಡಿಶ್ ಇನ್ನು ನನ್ನ ಪ್ರಯೋಗಕ್ಕೆ ಆಗಲ್ಲ. ಆದರೂ ಬಿಸಾಡೋದು ಬೇಡ. ನೀನೇ ನೋಡ್ಕೋ."

ಮಧ್ಯಾಹ್ನವೆಲ್ಲಾ ಅವಳು ಸ್ಟೂಲ್ ಬಿಟ್ಟು ಏಳಲಿಲ್ಲ. ಎಷ್ಟೋ ಉಂಡೆಗಳು ಅಲುಗಾಡಲೇ ಇಲ್ಲ. ಸಂಜೆಯ ಹೊತ್ತಿಗೆ ಒಂದು ಸಣ್ಣಗೆ ನಡುಗಿತು. ನಿಂತಿತು. ಮತ್ತೆ ನಡುಗಿ, ಸೊಟ್ಟಸೊಟ್ಟಗೆ ತಿರುಗತೊಡಗಿತು.

"ಚಿಕ್ಕಮ್ಮ, ಒಂದು ತಿರುಗ್ತಿದೆ."

ಚಿಕ್ಕಮ್ಮ ಬಂದು ಬಗ್ಗಿ ನೋಡಿದರು. "ಹೂಂ, ಬದುಕ್ಕೊಳ್ತು," ಎಂದು ಅವಳ ತಲೆ ಸವರಿದರು.

ಪಟಾಕಿ ಮತ್ತೆ ಕಣ್ಣಿಟ್ಟಳು. ಉಂಡೆ ತಿರುಗುತ್ತಾ ತಿರುಗುತ್ತಾ ಮೈಕ್ರೋಸ್ಕೋಪಿನಲ್ಲಿ ಕಾಣುವ ವೃತ್ತದ ಅಂಚಿನಾಚೆ ಮರೆಯಾಯಿತು. ಅವಳು ಅದನ್ನು ಹುಡುಕಿಕೊಂಡು ಹೋಗಲಿಲ್ಲ. ಅದು ಬಿಟ್ಟುಹೋದ ಕಾಳುಗಳನ್ನೇ ಬಹಳ ಹೊತ್ತು ನೋಡುತ್ತಾ ಕುಳಿತಳು.