ಬಿ ಗುಂಪಿನ ಅಜ್ಜಿ

“ಅಂದ್ರೆ ಅದರಲ್ಲಿ ಔಷಧಿನೇ ಇರ್ಲಿಲ್ವಾ?”

ಚೂಟಿ ಕೇಳಿದ್ದು ಎಷ್ಟು ಜೋರಾಗಿತ್ತೆಂದರೆ, ಹೊರಗೆ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು.

ಡಾಕ್ಟರ್ ಮೇಡಂ ಕೈಯಲ್ಲಿ ತೆರೆದ ಲಕೋಟೆ ಇತ್ತು. ಅದರೊಳಗಿನ ಚೀಟಿಯನ್ನು ಅವರು ಇನ್ನೊಮ್ಮೆ ನೋಡಿದರು.

“ಇಲ್ಲ ಮರಿ. ನಿಮ್ಮಜ್ಜಿ ಬಿ ಗುಂಪು. ಬಿ ಗುಂಪಿನವರಿಗೆ ಕೊಟ್ಟಿದ್ದು ನೋಡೋಕೆ ಮಾತ್ರ ಮಾತ್ರೆ. ಒಳಗೆ ಬರೀ ಪುಡಿ.”

“ಎಂಥ ಪುಡಿ?”

“ಒಂಥರಾ ಹಿಟ್ಟು ಅಂದ್ಕೋ. ಒಳ್ಳೇದೂ ಮಾಡಲ್ಲ, ಕೆಟ್ಟದ್ದೂ ಮಾಡಲ್ಲ.”

ಹಿಟ್ಟು!

ಹತ್ತು ತಿಂಗಳು! ಹತ್ತು ತಿಂಗಳಿಂದ ದಿನಾ ಬೆಳಗ್ಗೆ ಎಂಟು ಗಂಟೆಗೆ ಅಜ್ಜಿಯ ಅಂಗೈಯಲ್ಲಿ ಆ ಬಿಳಿ ಮಾತ್ರೆ ಇಟ್ಟವಳು ಅವಳೇ. ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದವಳೂ ಅವಳೇ. ಒಂದು ದಿನ ಮರೆತು ಹೊರಟು, ಸ್ಕೂಲ್ ಗೇಟಿನ ಹತ್ತಿರ ನೆನಪಾಗಿ, ಬ್ಯಾಗ್ ಬೆನ್ನಿಗೆ ಬಡಿಯುತ್ತಿದ್ದರೂ ಮನೆಗೆ ವಾಪಸ್ ಓಡಿದ್ದಳು. ಆವತ್ತು ಮ್ಯಾಥ್ಸ್ ಟೆಸ್ಟಿನಲ್ಲಿ ಅರ್ಧ ಗಂಟೆ ಹೋಗಿತ್ತು. ಇಪ್ಪತ್ತಕ್ಕೆ ಒಂಬತ್ತು ಬಂದಿತ್ತು.

ಅದೆಲ್ಲ ಹಿಟ್ಟಿಗಾಗಿ!

ಅಜ್ಜಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷ. ಆ ಕಾಯಿಲೆಯಿಂದಾಗಿ ಪಾದಗಳಲ್ಲಿ ಉರಿ ಶುರುವಾಗಿತ್ತು. ಕೆಂಡದ ಮೇಲೆ ಕಾಲಿಟ್ಟ ಹಾಗೆ ಆಗುತ್ತದೆ ಎನ್ನುತ್ತಿದ್ದರು. ಅಜ್ಜಿ ಹೊಲಿಗೆಯವರು. ಸ್ಕೂಲ್ ಯೂನಿಫಾರಂ ಹೊಲಿಯುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಆದರೆ ಕಾಲು ಉರಿಯುವಾಗ ಮಿಷನ್ ತುಳಿಯುವುದು ಹೇಗೆ? ಮಿಷನ್ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿ ಮೂಲೆಗೆ ತಳ್ಳಿದ್ದಾಯಿತು.

ಆಗಲೇ ಆಸ್ಪತ್ರೆಯ ಮೇಲ್ಮಹಡಿಯಲ್ಲಿರುವ ಈ ಸಂಶೋಧನಾ ವಿಭಾಗದವರು ಕರೆದದ್ದು. ಕಾಲುರಿಗೆ ಹೊಸ ಔಷಧಿ ಬಂದಿದೆಯಂತೆ, ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಂತೆ. ಹಳೇ ಮಾತ್ರೆಗಳ ಜೊತೆಗೆ ಇದೂ ಒಂದು. ಅಜ್ಜಿ ಸೇರಿಕೊಂಡರು. ಎರಡೇ ತಿಂಗಳಲ್ಲಿ, “ಉರಿ ಎಷ್ಟೋ ವಾಸಿ ಕಣೇ!” ಎಂದು ಬೆಡ್‌ಶೀಟ್ ಎಳೆದುಹಾಕಿ ಮಿಷನ್ ಮುಂದೆ ಕೂತೇಬಿಟ್ಟರು.

ಚೂಟಿ ಅದನ್ನು ಕ್ಲಾಸಿನಲ್ಲೆಲ್ಲ ಡಂಗುರ ಹೊಡೆದಿದ್ದಳು. “ನಮ್ಮಜ್ಜಿ ರಿಸರ್ಚಲ್ಲಿದ್ದಾರೆ. ಪ್ರಪಂಚದಲ್ಲಿ ಇನ್ನೂ ಯಾರಿಗೂ ಸಿಗದೇ ಇರೋ ಮೆಡಿಸಿನ್ ನಮ್ಮಜ್ಜಿ ತಗೋತಾರೆ, ಗೊತ್ತಾ?” ಸೈನ್ಸ್ ಟೀಚರ್ ಎಲ್ಲರ ಕೈಲಿ ಚಪ್ಪಾಳೆ ಕೂಡ ಹೊಡೆಸಿದ್ದರು.

“ನೀವು ನಮ್ಮಜ್ಜಿಗೆ ಮೋಸ ಮಾಡಿದ್ರಿ!” ಚೂಟಿ ಕೂಗಿದಳು. “ದೊಡ್ಡೋರಾಗಿ ಸುಳ್ಳು ಮಾತ್ರೆ ಕೊಟ್ರಿ!”

“ಏಯ್, ಸುಮ್ನಿರು,” ಎಂದರು ಪಕ್ಕದಲ್ಲೇ ನಿಂತಿದ್ದ ಅಜ್ಜಿ. ಅವರ ಮುಖವೂ ಬಿಳುಚಿಕೊಂಡಿತ್ತು. “ಡಾಕ್ಟರಮ್ಮ ಮೊದಲೇ ಹೇಳಿದ್ರು. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಖಾಲಿ, ಯಾರಿಗೆ ಯಾವುದು ಅಂತ ಕೊನೇವರೆಗೂ ಗೊತ್ತಾಗಲ್ಲ ಅಂತ. ನಾನೇ ಸಹಿ ಹಾಕಿದ್ದೀನಿ.”

ಚೂಟಿ ಅಜ್ಜಿಯ ಕಡೆ ತಿರುಗಿದಳು. ಇದು ಮೊದಲಿನದಕ್ಕಿಂತ ದೊಡ್ಡ ಪೆಟ್ಟು.

“ನಿಂಗೆ ಗೊತ್ತಿತ್ತಾ?”

“ಖಾಲಿ ಬರಬಹುದು ಅಂತ ಗೊತ್ತಿತ್ತು. ಆದರೆ ನಂದು ಖಾಲಿ ಅಲ್ಲ ಅಂತ...” ಅಜ್ಜಿ ತಮ್ಮ ಕಾಲನ್ನೇ ನೋಡಿಕೊಂಡರು. “ಡಾಕ್ಟರಮ್ಮ, ಹಾಗಾದ್ರೆ ನಂಗೆ ಉರಿ ಕಮ್ಮಿ ಆಗಿದ್ದು ಹೇಗೆ?”

“ಅಜ್ಜಿ, ಯಾರಿಗೆ ಯಾವುದು ಅಂತ ನನಗೂ ಗೊತ್ತಿರ್ಲಿಲ್ಲ. ಲಕೋಟೆ ಒಡೆದಿದ್ದೇ ಈ ವಾರ. ಕೂತ್ಕೊಳ್ಳಿ, ಇನ್ನೂ ಒಂದು ವಿಷಯ ಹೇಳೋದಿದೆ...”

ಚೂಟಿ ಕೇಳಿಸಿಕೊಳ್ಳಲಿಲ್ಲ. “ನಡಿ ಅಜ್ಜಿ!” ಎಂದು ಅಜ್ಜಿಯ ಕೈ ಹಿಡಿದು ಎಳೆದುಕೊಂಡು ಹೊರಟೇಬಿಟ್ಟಳು.

ಬಸ್ಸಿನಲ್ಲಿ ಚೂಟಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು.

ಮನೆಗೆ ಬಂದ ಮೇಲೆ ಅಜ್ಜಿ ಮಿಷನ್ ಮುಂದೆ ಕೂರಲಿಲ್ಲ. ಅರ್ಧ ಹೊಲಿದ ನೀಲಿ ಸ್ಕರ್ಟ್ ಸೂಜಿಯ ಕೆಳಗೆ ಹಾಗೇ ಸಿಕ್ಕಿಕೊಂಡಿತ್ತು. ಸಂಜೆ ಹೊತ್ತಿಗೆ ಅವರು ಮಂಚದ ಮೇಲೆ ಕೂತು ಪಾದ ಉಜ್ಜಿಕೊಳ್ಳತೊಡಗಿದರು.

“ಏನಾಯ್ತು?”

“ಉರೀತಿದೆ ಕಣೇ.”

ಬೆಳಗ್ಗೆಯಿಂದ ಒಳಗೇ ಕುದಿಯುತ್ತಿದ್ದ ಚೂಟಿಯ ಬಾಯಿಂದ ಮಾತು ಜಾರಿಹೋಯಿತು. “ಬೆಳಗ್ಗೆ ತನಕ ಇರ್ಲಿಲ್ಲ, ಚೀಟಿ ನೋಡಿದ ತಕ್ಷಣ ಬಂತಾ? ಅಂದ್ರೆ ವಾಸಿ ಆಗಿದ್ದೂ ಸುಳ್ಳು, ಈಗ ಉರಿಯೋದೂ ಸುಳ್ಳಾ ಅಜ್ಜಿ?”

ಅಜ್ಜಿ ಉಜ್ಜುವುದನ್ನು ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡಳು ಚೂಟಿ. ಬೈಯಲಿಲ್ಲ. ಕಾಲನ್ನು ಸೀರೆಯೊಳಗೆ ಎಳೆದುಕೊಂಡು, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಅಡುಗೆಮನೆಯಿಂದ ಅಮ್ಮ ಬಂದು ಚೂಟಿಯ ತಲೆಗೆ ಮೊಟಕಿದಳು. “ನಾಲಿಗೆಗೆ ಹಿಡಿತ ಇಲ್ವಾ ನಿಂಗೆ?”

ಅಜ್ಜಿಯ ಬೆನ್ನು ಅಷ್ಟು ಚಿಕ್ಕದು ಎಂದು ಚೂಟಿಗೆ ಅದುವರೆಗೆ ಗೊತ್ತಿರಲಿಲ್ಲ.

ಮರುದಿನ ಸ್ಕೂಲು ಬಿಟ್ಟ ಕೂಡಲೇ ಅವಳು ಆಸ್ಪತ್ರೆಗೆ ಹೋದಳು. ಸ್ಕೂಲಿಂದ ಎರಡೇ ರಸ್ತೆ ಆಚೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡಳು: ‘ಹಿಟ್ಟು ತಿಂದಿದ್ದು ಸಾಕು. ಈಗ ನಮ್ಮಜ್ಜಿಗೆ ನಿಜವಾದ ಮಾತ್ರೆ ಕೊಡಿ. ಇವತ್ತೇ ಕೊಡಿ.’

ಮೇಲ್ಮಹಡಿಯ ಕೌಂಟರಿನಲ್ಲಿದ್ದ ಸಿಸ್ಟರ್ ಅವಳನ್ನು ನೋಡಿ ಹುಬ್ಬೇರಿಸಿದರು. “ಮತ್ತೆ ಜಗಳಕ್ಕೆ ಬಂದ್ಯಾ ತಾಯಿ? ಇವತ್ತು ಬೇಡ. ಮೇಡಂ ಬೆಳಗ್ಗೆಯಿಂದ ಸರಿಯಿಲ್ಲ.”

“ಒಂದೇ ನಿಮಿಷ!”

ಬಾಗಿಲು ಅರ್ಧ ತೆರೆದಿತ್ತು. ಡಾಕ್ಟರ್ ಮೇಡಂ ಕಿಟಕಿಯ ಹತ್ತಿರ ನಿಂತಿದ್ದರು. ತಿರುಗಿದಾಗ ಕಣ್ಣು ಕೆಂಪಗಿತ್ತು. ಅವರು ಬೇಗ ಬೇಗ ಕನ್ನಡಕ ಹಾಕಿಕೊಂಡರು.

ಬಾಯಿಪಾಠ ಮಾಡಿದ್ದೆಲ್ಲ ಚೂಟಿಗೆ ಮರೆತುಹೋಯಿತು. ಕೊನೆಗೆ ಬಾಯಿಗೆ ಬಂದದ್ದು ಇಷ್ಟೇ: “ಎ ಗುಂಪಿನ ಮಾತ್ರೆ ನಮ್ಮಜ್ಜಿಗೂ ಬೇಕು.”

ಡಾಕ್ಟರ್ ಮೇಡಂ ಅವಳನ್ನೇ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಎರಡು ಹಾಳೆಗಳನ್ನು ಅವಳ ಮುಂದೆ ಇಟ್ಟರು. “ಎಣಿಸೋಕೆ ಬರುತ್ತಲ್ಲ? ಒಂದು ಚುಕ್ಕಿ ಅಂದ್ರೆ ಒಬ್ಬ ಮನುಷ್ಯ. ಒಂದೊಂದು ಹಾಳೇಲಿ ಅರವತ್ತು ಜನ. ಉರಿ ಕಮ್ಮಿ ಆಯ್ತು ಅಂದೋರ ಚುಕ್ಕಿಗೆ ಹಸಿರು ಬಣ್ಣ ಹಚ್ಚಿದ್ದೀನಿ. ಮೊದಲು ಬಿ ಎಣಿಸು.”

ಚೂಟಿ ಬೆರಳಿಟ್ಟು ಎಣಿಸಿದಳು. “ಇಪ್ಪತ್ಮೂರು. ಇದರಲ್ಲಿ ನಮ್ಮಜ್ಜಿ ಯಾವುದು?”

“ಹೆಸರು ಬರೆದಿಲ್ಲ. ಆದ್ರೆ ಆ ಇಪ್ಪತ್ಮೂರರಲ್ಲಿ ಒಬ್ಬರು.”

“ಇಷ್ಟು ಜನಕ್ಕೆ ಹಿಟ್ಟಲ್ಲೇ ಕಮ್ಮಿ ಆಯ್ತಾ?”

“ಆಯ್ತು. ಅವರು ಯಾರೂ ಸುಳ್ಳು ಹೇಳಿಲ್ಲ. ಗುಣ ಆಗುತ್ತೆ ಅಂತ ಅನ್ನಿಸಿದಾಗ ನೋವು ಎಷ್ಟೋ ಸಲ ನಿಜವಾಗ್ಲೂ ಕಮ್ಮಿ ಆಗುತ್ತೆ. ಹೇಗೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಈಗ ಎ ಎಣಿಸು. ಇವರೆಲ್ಲ ನಿಜವಾದ ಔಷಧಿ ತಗೊಂಡೋರು.”

ಐವತ್ತಾದರೂ ಇರುತ್ತದೆ ಎಂದುಕೊಂಡು ಚೂಟಿ ಶುರುಮಾಡಿದಳು. ಇಪ್ಪತ್ಮೂರು, ಇಪ್ಪತ್ನಾಲ್ಕು... ಹಾಳೆ ಮುಗಿದೇಹೋಯಿತು. ತಪ್ಪಿರಬೇಕು ಎಂದು ಮತ್ತೆ ಮೇಲಿಂದ ಎಣಿಸಿದಳು. ಮತ್ತೂ ಅಷ್ಟೇ.

“ಇಪ್ಪತ್ನಾಲ್ಕು?”

“ಹೂಂ.”

“ಒಂದೇ ಒಂದು ಜಾಸ್ತಿ?”

“ಒಂದೇ ಒಂದು. ಒಂದು ಲೆಕ್ಕಕ್ಕೇ ಬರಲ್ಲ. ಆಕಸ್ಮಿಕವಾಗಿ ಆಚೀಚೆ ಆಗಿರುತ್ತೆ. ಅದರ ಮೇಲೆ ಆ ಗುಂಪಲ್ಲಿ ಹದಿನಾಲ್ಕು ಜನಕ್ಕೆ ವಾಂತಿ, ಹೊಟ್ಟೆನೋವು.”

ಚೂಟಿ ಒಂದು ಹಾಳೆಯನ್ನು ನೋಡಿದಳು, ಇನ್ನೊಂದನ್ನು ನೋಡಿದಳು. “ಅಂದ್ರೆ... ನಿಜವಾದ ಮಾತ್ರೆನೂ ಕೆಲಸ ಮಾಡಲ್ವಾ?”

“ಮಾಡಲ್ಲ.”

ಅವರು ಅದನ್ನು ಹೇಳಿದ ರೀತಿ ಕೇಳಿ ಚೂಟಿ ತಲೆ ಎತ್ತಿದಳು. ಟೆಸ್ಟಿನಲ್ಲಿ ಫೇಲಾದದ್ದನ್ನು ಮನೆಯಲ್ಲಿ ಹೇಳುವವರ ದನಿಯಂತಿತ್ತು ಅದು.

“ಇದನ್ನ ಯಾರು ಕಂಡುಹಿಡಿದಿದ್ದು?”

“ನಾನು ಮತ್ತೆ ಇನ್ನೂ ಮೂರು ಜನ. ಏಳು ವರ್ಷ ಆಯ್ತು.” ಡಾಕ್ಟರ್ ಮೇಡಂ ಸ್ವಲ್ಪ ನಕ್ಕರು. ಅದು ನಗುವಿನ ಹಾಗಿರಲಿಲ್ಲ. “ಇದು ಗೆದ್ದೇ ಗೆಲ್ಲುತ್ತೆ ಅಂದ್ಕೊಂಡಿದ್ವಿ. ಪ್ರತಿ ತಿಂಗಳು ಯಾರೋ ಒಬ್ಬರು ಬಂದು ಉರಿ ಕಮ್ಮಿ ಆಯ್ತು ಡಾಕ್ಟರೇ ಅನ್ನೋರು. ಆವತ್ತೆಲ್ಲ ನನಗೆ ಹಬ್ಬ. ನಿಮ್ಮಜ್ಜಿ ಮತ್ತೆ ಮಿಷನ್ ತುಳಿದ್ರಂತಲ್ಲ, ಆ ದಿನ ಈ ಸಿಸ್ಟರಿಗೆ ನಾನೇ ಟೀ ಕೊಡಿಸಿದ್ದೆ.”

ಚೂಟಿ ಬಿ ಹಾಳೆಯನ್ನು ಕೈಗೆತ್ತಿಕೊಂಡಳು. ಅವಳ ತಲೆ ಓಡುತ್ತಿತ್ತು. ಎ ಹಾಳೆ ಒಂದೇ ಇದ್ದಿದ್ದರೆ? ಬಿ ಹಾಳೆಯೇ ಇಲ್ಲದಿದ್ದರೆ? ಇಪ್ಪತ್ನಾಲ್ಕು ಜನಕ್ಕೆ ವಾಸಿಯಾಯಿತು, ಆಹಾ, ಒಳ್ಳೇ ಔಷಧಿ ಎನ್ನುತ್ತಿದ್ದರು. ಅಂಗಡಿಗೆ ಬರುತ್ತಿತ್ತು. ಎಲ್ಲರ ಅಜ್ಜಿಯಂದಿರೂ ತಗೋತಿದ್ದರು. ವಾಂತಿ ಮಾಡಿಕೊಂಡಾದರೂ ತಗೋತಿದ್ದರು.

“ಮೇಡಂ,” ಎಂದಳು. “ನಿನ್ನೆ ಮೋಸ ಅಂದೆ. ಸಾರಿ.”

“ಪರವಾಗಿಲ್ಲ. ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಅದನ್ನೇ ಅಂತಿದ್ದೆ.”

“ಮತ್ತೆ... ಈಗ ಏನ್ಮಾಡ್ತೀರಾ?”

“ಕೆಲಸ ಮಾಡಲ್ಲ ಅಂತ ಬರೆದು ಎಲ್ಲರಿಗೂ ಹೇಳ್ತೀನಿ. ಆಮೇಲೆ ಬೇರೆ ಏನಾದ್ರೂ ಹುಡುಕ್ತೀನಿ.”

ಚೂಟಿ ಮನೆ ಮುಟ್ಟಿದಾಗ ಅಜ್ಜಿ ಮಂಚದ ಮೇಲೆ ಕೂತು ಗುಂಡಿ ಹಚ್ಚುತ್ತಿದ್ದರು. ಅದಕ್ಕೆ ಕಾಲು ಬೇಕಿಲ್ಲ. ಚೂಟಿ ಬ್ಯಾಗನ್ನೂ ಇಳಿಸದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಚುಕ್ಕಿಗಳು, ಇಪ್ಪತ್ಮೂರು, ಇಪ್ಪತ್ನಾಲ್ಕು, ವಾಂತಿ, ಏಳು ವರ್ಷ.

“ನೀನು ಸುಳ್ಳು ಹೇಳಿಲ್ಲ ಅಂತೆ ಅಜ್ಜಿ. ಯಾರೂ ಹೇಳಿಲ್ಲ ಅಂತೆ.”

ಅಜ್ಜಿಯ ಸೂಜಿ ಅರ್ಧದಲ್ಲೇ ನಿಂತಿತು.

“ಏಳು ವರ್ಷವಾ?”

“ಹೂಂ.”

“ಅಯ್ಯೋ ಪಾಪ! ಆ ಡಾಕ್ಟರ್ ಹುಡುಗಿ ಊಟ ಮಾಡಿದ್ಲಂತಾ?”

ಅದನ್ನು ಕೇಳಬೇಕೆಂದು ಚೂಟಿಗೆ ಹೊಳೆದೇ ಇರಲಿಲ್ಲ.

“ಗೊತ್ತಿಲ್ಲ ಅಜ್ಜಿ.”

“ಮುಂದಿನ ವಾರ ಹೋಗಿ ಬರೋಣ. ನಿನ್ನೆ ಪೂರ್ತಿ ಮಾತಾಡೋಕೂ ಬಿಡ್ಲಿಲ್ಲ ನೀನು ಅವಳಿಗೆ.” ಅಜ್ಜಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕಾಲು ಚಾಚಿದರು. ಮುಖ ಒಂಚೂರು ಕಿವುಚಿಕೊಂಡಿತು. ಚೂಟಿಯ ಕಡೆ ನೋಡಿ, ಮತ್ತೆ ಮಡಚಿಕೊಳ್ಳಲು ಹೋದರು.

ಚೂಟಿ ಬ್ಯಾಗ್ ಕೆಳಗಿಟ್ಟಳು. ಬಚ್ಚಲಿಗೆ ಹೋಗಿ ಟವೆಲನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿಕೊಂಡು ಬಂದಳು. ಮಂಚದ ತುದಿಯಲ್ಲಿ ಕೂತು ಅಜ್ಜಿಯ ಎರಡೂ ಪಾದಗಳನ್ನು ಮೆಲ್ಲಗೆ ತನ್ನ ತೊಡೆಯ ಮೇಲೆ ಎಳೆದುಕೊಂಡಳು.

“ಎಲ್ಲಿ ಉರೀತಿದೆ ಅಜ್ಜಿ?” ಎಂದು ಮಾತ್ರ ಕೇಳಿದಳು.