ಗುಂಡಯ್ಯನ ಗೇಟು

ರೈಲು ಓಡುತ್ತಿತ್ತು. ಅದನ್ನು ಮಾಡಿದವನು ಸತ್ತು ಬಿದ್ದಿದ್ದ.

ಹಾಸನದ ಪೆನ್ಷನ್ ಮೊಹಲ್ಲಾದ ಆ ಮನೆಗೆ ನೀಲಾಂಬಿಕೆ ವಾಪಸು ಬಂದಾಗ ಭಾನುವಾರ ನಾಲ್ಕೂಕಾಲು ಗಂಟೆ. ಬೆಳಿಗ್ಗೆಯೇ ನೆಂಟರ ಮನೆಗೆ ಹೋಗಿದ್ದಳು. ಹಿಂದಿನ ಕೋಣೆಯಿಂದ ತಗಡಿನ ಗಾಲಿಗಳ ಕಟಕಟ ಕೇಳಿತು. ತಮ್ಮ ಕೆಲಸದಲ್ಲಿದ್ದಾನೆ ಅಂದುಕೊಂಡು ಒಂದು ಲೋಟ ಮಜ್ಜಿಗೆ ಹಿಡಿದು ಬಾಗಿಲು ತಳ್ಳಿದಳು. ಗಡಿಯಾರ ರಿಪೇರಿಯ ಚಂದ್ರಶೇಖರಯ್ಯ ನೆಲದ ಮೇಲೆ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಮೇಜಿನ ಮೇಲೆ ಗೇಣುದ್ದದ ರೈಲು ಇನ್ನೆರಡು ಸುತ್ತು ಹಾಕಿತು. ಆಮೇಲೆ ನಿಧಾನವಾಗಿ, ಯಾರೋ ಹಿಂದಿನಿಂದ ಕರೆದಂತೆ, ನಿಂತಿತು.

1943ರ ಮಾರ್ಚಿ. ಬಿಸಿಲು ಆಗಲೇ ಬಲಿತಿತ್ತು. ಸಬ್ ಇನ್ಸ್‌ಪೆಕ್ಟರ್ ಕೆಂಪಣ್ಣ ಐದು ಗಂಟೆಗೆ ಬಂದ. ಅವನದು ಅರಕಲಗೂಡು, ರೈಲು ಮುಟ್ಟದ ಊರು. ಹದಿನಾರನೆಯ ವಯಸ್ಸಿನವರೆಗೆ ಅವನು ರೈಲನ್ನೇ ನೋಡಿರಲಿಲ್ಲ. ಈಗ ಬಾಗಿಲಲ್ಲೇ ನಿಂತುಬಿಟ್ಟ.

ಕೋಣೆಯ ತುಂಬ ಒಂದೇ ಮೇಜು. ಅದರ ಮೇಲೆ ಒಂದು ಊರು. ಹೊಳೆಯ ಜಾಗದಲ್ಲಿ ನಿಜವಾದ ಮರಳು. ದೇವಸ್ಥಾನದ ಗೋಪುರ, ಹೆಂಚಿನ ಮನೆಗಳು, ಸೀಮೆಎಣ್ಣೆ ಡಬ್ಬದ ತಗಡಿನಿಂದ ಕತ್ತರಿಸಿದ ಸ್ಟೇಷನ್ನು. ಊರನ್ನು ಬಳಸಿ ಕಂಬಿ. ಕಂಬಿಗೆ ರಸ್ತೆ ಅಡ್ಡ ಹಾಯುವ ಕಡೆ ಒಂದು ಗೇಟು, ಅದರ ಅಡ್ಡಮರ ಕೆಳಗಿಳಿದು ರಸ್ತೆಯನ್ನು ಮುಚ್ಚಿತ್ತು. ಗೇಟಿನ ಮುಂದೆ ಒಂದು ಎತ್ತಿನ ಗಾಡಿ. ಗಾಡಿ ಹೊಡೆಯುವವನಿಲ್ಲ. ಬೀದಿಗಳಲ್ಲಿ ಜನರಿಲ್ಲ. ಅಷ್ಟು ಶ್ರದ್ಧೆಯಿಂದ ಕಟ್ಟಿದ ಊರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ನಮ್ಮೂರು, ಹೊಳೆನರಸೀಪುರ," ಎಂದಳು ನೀಲಾಂಬಿಕೆ. "ಅವನಿಗೆ ಹನ್ನೆರಡು ವರ್ಷ ಇದ್ದಾಗ ಎಂಗಿತ್ತೋ ಅಂಗೆ. ನಾಲ್ಕು ವರ್ಷದಿಂದ ಇದೇ ಗ್ಯಾನ. ಯಾಕೋ ಅಂದ್ರೆ, ನಾನು ಅವತ್ತು ಎಲ್ಲಿದ್ದೆ ಅಂತ ನೋಡ್ಬೇಕು ಅಕ್ಕ ಅಂತಿದ್ದ."

ಏಟು ಬಿದ್ದ ವಸ್ತು ಅಲ್ಲೇ ಇತ್ತು. ಗಡಿಯಾರದ ಬಿಡಿಭಾಗ ಬಡಿಯಲು ಅವನು ಇಟ್ಟುಕೊಂಡಿದ್ದ ಒಂದಡಿ ರೈಲುಕಂಬಿ. ಹಿತ್ತಲ ಬಾಗಿಲು ತೆರೆದಿತ್ತು. ಡಾಕ್ಟರು ಹೆಣದ ಬಲಗೈ ಬಿಡಿಸಿದರು. ಕಷ್ಟಪಟ್ಟೇ ಬಿಡಿಸಬೇಕಾಯಿತು. ಒಳಗೆ ಹೆಬ್ಬೆರಳಿನಷ್ಟು ಎತ್ತರದ ಮರದ ಬೊಂಬೆ. ತಲೆಗೆ ರುಮಾಲು, ಕೈಯಲ್ಲಿ ಹಸಿರು ಬಾವುಟ.

"ದೇಹ ಆಗಲೇ ಸೆಟೆದಿದೆ. ಸತ್ತು ನಾಲ್ಕು ಗಂಟೆ ಆಗಿರಬೇಕು," ಎಂದರು ಡಾಕ್ಟರು.

ಕೆಂಪಣ್ಣ ರೈಲಿಗೆ ಪೂರ್ತಿ ಕೀಲಿ ಕೊಟ್ಟು ಗಡಿಯಾರ ಹಿಡಿದ. ಹನ್ನೊಂದು ನಿಮಿಷಕ್ಕೆ ನಿಂತಿತು. ನಾಲ್ಕೂಕಾಲಿಗೆ ಓಡುತ್ತಿದ್ದ ರೈಲಿಗೆ ನಾಲ್ಕು ಗಂಟೆಯ ಮೇಲೆ ಯಾರೋ ಕೀಲಿ ಕೊಟ್ಟಿರಬೇಕು. ಒಂದು ಗಂಟೆಗೇ ಸತ್ತವನಂತೂ ಅಲ್ಲ.

ದಫೇದಾರ ಶಿವಯ್ಯ ಮೇಜಿನಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ಇದ್ನ ಸ್ಟೇಷನ್ನಿಗೆ ಒತ್ಕಂಡ್ ಓಗಕ್ಕೆ ಮಾತ್ರ ನನ್ಗೆ ಏಳ್ಬ್ಯಾಡಿ ಸಾ," ಎಂದ.

*

ಸುಳಿವು ಹುಡುಕಿಕೊಂಡು ಹೋಗುವ ಕೆಲಸವೇ ಇರಲಿಲ್ಲ. ಎದುರು ಮನೆಯ ಸುಬ್ಬಮ್ಮ ತಾನಾಗಿ ಬಂದು ಹೇಳಿದಳು. ನಾಲ್ಕು ಗಂಟೆಗೆ ಒಬ್ಬ ಹೆಂಗಸು ಬಾಗಿಲು ಬಡಿದು, ಬೀದಿಯಲ್ಲೇ ನಿಂತು ಬೈದು ಹೋದಳಂತೆ. ಹೆಸರು ಮಾದಮ್ಮ. ಸ್ಟೇಷನ್ ಯಾರ್ಡಿನಲ್ಲಿ ಕಲ್ಲಿದ್ದಲು ಹೊರುವವಳು. ಶುಕ್ರವಾರವೂ ಯಾರ್ಡಿನಲ್ಲಿ ಎಲ್ಲರ ಎದುರು ಚಂದ್ರಶೇಖರಯ್ಯನಿಗೆ ಶಾಪ ಹಾಕಿದ್ದಳು.

ಅವಳನ್ನು ಠಾಣೆಗೆ ಕರೆತಂದರು. ಉಗುರಿನ ಸಂದುಗಳೆಲ್ಲ ಕಪ್ಪು. ಅಳಲಿಲ್ಲ.

ಕೆಂಪಣ್ಣ ಕೇಳಿದ. ಅವಳು ಹೇಳಿದ್ದು ಇಷ್ಟು. ಅವಳ ಅಪ್ಪ ಗುಂಡಯ್ಯ ಹೊಳೆನರಸೀಪುರದ ಹೊರಗೆ ಗೇಟು ಕಾಯುತ್ತಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಅಲ್ಲಿ ಒಂದು ಗಾಡಿ ರೈಲಿಗೆ ಸಿಕ್ಕಿತು. ಗಾಡಿಯಲ್ಲಿದ್ದ ಹಳೇಕೋಟೆಯ ಇಬ್ಬರು ಹೆಂಗಸರು ಸತ್ತರು. ಹೊಡೆಯುತ್ತಿದ್ದ ಹುಡುಗ ರುದ್ರಯ್ಯ ಹಾರಿಕೊಂಡು ಉಳಿದ. ಗೇಟು ಎತ್ತಿಯೇ ಇತ್ತು ಎಂದು ಸಾಕ್ಷಿ ಹೇಳಿದ. ಗುಂಡಯ್ಯನಿಗೆ ಎರಡು ವರ್ಷ ಜೈಲು. ಬಿಟ್ಟು ಬಂದ ಮೇಲೆ ಅವನು ಮಾತಾಡುವುದನ್ನೇ ನಿಲ್ಲಿಸಿದ. ಒಂದು ದಿನ ಹಾಗೇ ಹೋಗಿಬಿಟ್ಟ. ಶುಕ್ರವಾರ ಈ ಗಡಿಯಾರದವನು ಯಾರ್ಡಿಗೆ ಬಂದು, ನಿಮ್ಮಪ್ಪ ಗೇಟು ಹಾಕಿದ್ದ, ನಾನು ನೋಡಿದ್ದೆ, ಸೋಮವಾರ ಮ್ಯಾಜಿಸ್ಟ್ರೇಟರ ಮುಂದೆ ಹೇಳುತ್ತೇನೆ, ಭಾನುವಾರ ನಾಲ್ಕಕ್ಕೆ ಮನೆಗೆ ಬಾ ಎಂದನಂತೆ.

"ನೀನು ಬೈದೆ."

"ಬೈದೆ ಸಾ. ಇಪ್ಪತ್ತೆರಡು ವರ್ಸ ಬಾಯಿಗೆ ಏನ್ ತುಂಬ್ಕಂಡಿದ್ದೆ ಅಂದೆ. ನಮ್ಮಪ್ಪ ಸಾಯೋಗಂಟ ಕಾಯ್ಬೇಕಿತ್ತಾ ಅಂದೆ." ಹಣೆಯ ಮೇಲಿನ ಮಸಿ ಒರೆಸಿಕೊಂಡಳು. "ಅಂದ್ರೂ ಭಾನ್ವಾರ ಓದೆ. ಬಾಗ್ಲು ತೆಗೀನಿಲ್ಲ. ಇವ್ನೂ ಎದ್ರಿಕಂಡ ಅಂತ ಬೀದೀಲಿ ನಿಂತು ಇನ್ನಷ್ಟು ಬೈದು ಬಂದೆ. ಒಳಗೆ ಎಣ ಬಿದ್ದಿತ್ತು ಅಂತ ನಂಗೇನ್ ಗೊತ್ತು?"

ಕೆಂಪಣ್ಣ ಬೊಂಬೆಯನ್ನು ಮೇಜಿನ ಮೇಲಿಟ್ಟ. ಅವಳು ಮುಟ್ಟಲಿಲ್ಲ. ಬಾಗಿ ನೋಡಿದಳು.

"ಅಸಿರು ಬಾವ್ಟ," ಎಂದಳು. "ಗೇಟು ಹಾಕಿ, ಅಗ್ಗ ಬಿಗಿದು, ಆಮ್ಯಾಕೆ ಅಸಿರು ತೋರ್ಸೋದು ಸಾ. ಮೊದ್ಲೇ ತೋರ್ಸಾಕಿಲ್ಲ. ನಮ್ಮಪ್ಪ ಅಂಗೇ ಮಾಡ್ತಿದ್ದಿದ್ದು."

ಸರ್ಕಲ್ ಇನ್ಸ್‌ಪೆಕ್ಟರು ಅದನ್ನೆಲ್ಲ ಕೇಳಲು ಸಿದ್ಧರಿರಲಿಲ್ಲ. ದ್ವೇಷ ಇದೆ, ಜಾಗದಲ್ಲಿ ಇದ್ದಳು, ರೈಲಿಗೆ ಕೀಲಿ ಕೊಟ್ಟ ಹೊತ್ತು ಸರಿಹೋಗುತ್ತದೆ; ಈ ಬಿಸಿಲಿಗೆ ಹೆಣ ಬೇಗ ಸೆಟೆಯುತ್ತದೆ, ಡಾಕ್ಟರ ಲೆಕ್ಕ ಬರೀ ಅಂದಾಜು. ಬುಧವಾರ ಸಂಜೆಯೊಳಗೆ ಬೇರೆ ಏನಾದರೂ ತರದಿದ್ದರೆ ಅವಳ ಮೇಲೆ ಕೊಲೆ ಕೇಸು ಹಾಕಿ ಎಂದು ಹೇಳಿ ಹೋದರು.

ಅಪ್ಪ ಹೋದ ದಾರಿಯಲ್ಲೇ ಮಗಳು.

*

ಸೋಮವಾರ ಬೆಳಿಗ್ಗೆ ಅವನು ಒಬ್ಬನೇ ಆ ಕೋಣೆಯಲ್ಲಿ ಕೂತ. ಸತ್ತವನ ಗಡಿಯಾರಗಳು ಗೋಡೆಯ ಮೇಲೆ ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ಹೊರಗೆ ನೀಲಾಂಬಿಕೆ ಬಾವಿಯ ಹಗ್ಗ ಎಳೆಯುವ ಸದ್ದು. ಅದೂ ನಿಂತಿತು.

ಬೆರಳ ತುದಿಯಿಂದ ಗೇಟಿನ ಅಡ್ಡಮರ ಎತ್ತಿದ. ಕಂಬಿಯ ನಡುವೆ ಒಂದು ತಂತಿಯ ಕೊಕ್ಕೆ ಮೇಲೆದ್ದಿತು. ಬಿಟ್ಟ. ಅಡ್ಡಮರ ತಾನೇ ಬಿತ್ತು, ಕೊಕ್ಕೆ ಅಡಗಿತು. ರೈಲಿಗೆ ಕೀಲಿ ಕೊಟ್ಟು, ಅಡ್ಡಮರವನ್ನು ಎತ್ತಿ ಹಿಡಿದ. ರೈಲು ಬಂದು ಕೊಕ್ಕೆಗೆ ಮೂತಿ ತಾಗಿಸಿ ನಿಂತಿತು. ಒಳಗೆ ಸ್ಪ್ರಿಂಗು ಬಿಗಿಯಾಗಿ ಕಾಯುತ್ತಿತ್ತು. ಕೈ ಬಿಟ್ಟ. ರೈಲು ಹೊರಟಿತು.

ಗೇಟು ಮುಚ್ಚದೆ ರೈಲು ಹೋಗದಂತೆ ಚಂದ್ರಶೇಖರಯ್ಯ ಕಟ್ಟಿದ್ದ. ಹನ್ನೆರಡನೆಯ ವಯಸ್ಸಿನಲ್ಲಿ ಬಾಯಿಗೆ ಬಾರದ ಮಾತನ್ನು ತಂತಿಯಲ್ಲಿ ಹೇಳಿದ್ದ.

ಹಾಗಾದರೆ ಒಂದು ಗಂಟೆಗೇ ಕೀಲಿ ಕೊಟ್ಟ ರೈಲು ಕೊಕ್ಕೆಗೆ ತಾಗಿ ನಾಲ್ಕರವರೆಗೂ ಕಾದಿರಬಹುದು. ಆದರೆ ಅಡ್ಡಮರವನ್ನು ಗಂಟೆಗಟ್ಟಲೆ ಎತ್ತಿ ಹಿಡಿದವರು ಯಾರು? ಕೆಂಪಣ್ಣ ಕಣ್ಣನ್ನು ಗೇಟಿನ ಹತ್ತಿರಕ್ಕೆ ತಂದ. ಅಡ್ಡಮರದ ಬುಡದಲ್ಲಿ ಬಿಳಿಯ ಗುರುತು. ಕೆಳಗೆ ಉಗುರಿನಷ್ಟು ಬಿಳಿಯ ಚಕ್ಕೆ. ವಿಭೂತಿ ಇರಬಹುದೇ ಎಂದು ನೀಲಾಂಬಿಕೆಯನ್ನು ಕರೆದು ತೋರಿಸಿದ. ಅವಳು ಅಡುಗೆಮನೆಗೆ ಹೋಗಿ ಒಂದು ಬಟ್ಟಲಲ್ಲಿ ಅರಿಶಿನದ ನೀರು ತಂದಳು. ಚಕ್ಕೆಯ ಚೂರು ಬಿದ್ದಲ್ಲಿ ನೀರು ಕೆಂಪಗಾಯಿತು. ಆರತಿಯ ತಟ್ಟೆಯ ಕೆಂಪು.

"ಸುಣ್ಣ," ಎಂದಳು. "ಈ ಮನೇಲಿ ಎಲೆ ಅಡಿಕೆ ಆಕೋರು ಯಾರೂ ಇಲ್ಲ. ಸುಣ್ಣದ ಕಾಯಿನೂ ಇಲ್ಲ."

ತಮ್ಮ ಹೋದ ವಾರ ಚನ್ನರಾಯಪಟ್ಟಣದಲ್ಲಿದ್ದ ರುದ್ರಯ್ಯನಿಗೆ ಒಂದು ಕಾಗದ ಬರೆದಿದ್ದನೆಂದು ಅವಳಿಗೆ ಆಗ ನೆನಪಾಯಿತು.

*

ಇದ್ದಿಲು ಗ್ಯಾಸಿನ ಬಸ್ಸು ಚನ್ನರಾಯಪಟ್ಟಣ ಮುಟ್ಟಲು ಎರಡು ಗಂಟೆ ತಿಂದಿತು. ರುದ್ರಯ್ಯ ಈಗ ದೊಡ್ಡ ತೆಂಗಿನಕಾಯಿ ವ್ಯಾಪಾರಿ. ಮಂಡಿಯ ಕಟ್ಟೆಯ ಮೇಲೆ ಕಾಯಿರಾಶಿಗಳ ನಡುವೆ ಕೂತಿದ್ದ. ಕೆಂಪಣ್ಣನಿಗೆ ಎಳನೀರು ತರಿಸಿದ. ಭಾನುವಾರ ಹಾಸನಕ್ಕೆ ಹೋಗಿದ್ದು ನಿಜ ಎಂದ. ಕೆಲಸ ಮುಗಿಸಿ ಎರಡು ಗಂಟೆಯ ಬಸ್ಸಿಗೆ ಹೊರಟು ನಾಲ್ಕಕ್ಕೆ ಇದೇ ಕಟ್ಟೆಯ ಮೇಲೆ ಇದ್ದೆ, ಹತ್ತು ಜನ ನೋಡಿದ್ದಾರೆ ಎಂದ. ಚಂದ್ರಶೇಖರಯ್ಯನ ಮನೆಗೆ ಕಾಲಿಟ್ಟಿಲ್ಲ. ಕಾಗದವೂ ಬಂದಿಲ್ಲ.

"ಆ ಗೇಟಿನ ಕೇಸು?"

"ಎತ್ತಿತ್ತು ಸಾಹೇಬ್ರೆ. ಆವತ್ತೂ ಅದೇ ಏಳ್ದೆ, ಇವತ್ತೂ ಅದೇ ಏಳ್ತೀನಿ."

ಮಾತಾಡುತ್ತಲೇ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟ. ಬೆರಳಲ್ಲಿ ಉಳಿದ ಸುಣ್ಣವನ್ನು, ಕಣ್ಣೂ ಹಾಯಿಸದೆ, ಪಕ್ಕದ ಕಂಬಕ್ಕೆ ಒರೆಸಿದ. ಆ ಕಂಬ ಕೈಯೆಟಕುವಷ್ಟು ಎತ್ತರಕ್ಕೆ ಬಿಳಿ ಗೀರುಗಳಿಂದ ತುಂಬಿತ್ತು. ವರ್ಷಗಳ ಗೀರುಗಳು. ಹಳೆಯವು ಒಣಗಿ ಚಕ್ಕೆ ಚಕ್ಕೆಯಾಗಿ ಉದುರುತ್ತಿದ್ದವು.

ಕೆಂಪಣ್ಣ ಎಳನೀರು ಪೂರ್ತಿ ಕುಡಿದ. ಬುಧವಾರ ಮಧ್ಯಾಹ್ನ ಹಾಸನಕ್ಕೆ ಬಂದು ಒಂದು ಹೇಳಿಕೆ ಕೊಡಿ ಎಂದಷ್ಟೇ ಹೇಳಿದ.

ಮಂಗಳವಾರ ಅವನು ಸತ್ತವನ ಕೋಣೆಯಲ್ಲಿ ಗೇಟಿನ ಅಡ್ಡಮರ ಎತ್ತಿ, ಅದರ ಬುಡಕ್ಕೆ ಸುಣ್ಣ ಹಚ್ಚಿ ಕೂತ. ಅದು ಎರಡು ಗಂಟೆ ಐವತ್ತು ನಿಮಿಷ ನಿಂತು ಬಿತ್ತು.

*

ಬುಧವಾರ ಹನ್ನೆರಡೂವರೆಗೆ ಕೆಂಪಣ್ಣ ಮತ್ತೆ ಸುಣ್ಣ ಹಚ್ಚಿದ. ರೈಲು ಕೊಕ್ಕೆಗೆ ತಾಗಿ ನಿಂತಿತು. ಎರಡೂಮುಕ್ಕಾಲಿಗೆ ರುದ್ರಯ್ಯನನ್ನು ಠಾಣೆಯಿಂದ ಅಲ್ಲಿಗೇ ಕರೆತಂದ. ಶಿವಯ್ಯ ಹಿತ್ತಲ ಬಾಗಿಲಲ್ಲಿ ನಿಂತ. ಮಾದಮ್ಮ ಮತ್ತು ನೀಲಾಂಬಿಕೆ ನಡುಮನೆಯಲ್ಲಿದ್ದರು.

ರುದ್ರಯ್ಯ ಕುರ್ಚಿಯಲ್ಲಿ ಕೂತು ಒಮ್ಮೆ ಗೇಟಿನ ಕಡೆ ನೋಡಿದ. ಅಡ್ಡಮರ ಎತ್ತಿತ್ತು. ಅವನ ಭುಜ ಸಡಿಲವಾಯಿತು.

ಕೆಂಪಣ್ಣ ಏನೂ ಕೇಳಲಿಲ್ಲ. ಎದುರಿಗೆ ಸುಮ್ಮನೆ ಕೂತ. ಐದು ನಿಮಿಷ. ಹತ್ತು ನಿಮಿಷ. ರುದ್ರಯ್ಯ ಎಲೆ ಮಡಿಸಿದ. ಬೆರಳನ್ನು ಕುರ್ಚಿಯ ಕಾಲಿಗೆ ಒರೆಸಿದ. ಕೇಳೋದಿದ್ರೆ ಕೇಳಿ, ಬಸ್ಸಿಗೆ ಹೊತ್ತಾಯ್ತು ಎಂದ. ಕೆಂಪಣ್ಣ ತಲೆಯಾಡಿಸಿ ಮತ್ತೆ ಸುಮ್ಮನಾದ. ಗೋಡೆಯ ಗಡಿಯಾರಗಳು ಮಾತ್ರ ಮಾತಾಡುತ್ತಿದ್ದವು. ರುದ್ರಯ್ಯನ ಕಣ್ಣು ಮತ್ತೆ ಮತ್ತೆ ಆ ಖಾಲಿ ಬೀದಿಗಳಿಗೆ ಹೋಗುತ್ತಿತ್ತು. ಅದು ಅವನ ಊರೂ ಹೌದು.

ಮೂರು ಗಂಟೆ ಹದಿನೆಂಟು ನಿಮಿಷ. ಚಿಟ್ ಎಂದು ಒಂದು ಸಣ್ಣ ಸದ್ದು. ಯಾರೂ ಮುಟ್ಟದ ಗೇಟು ಬಿತ್ತು. ಯಾರೂ ಮುಟ್ಟದ ರೈಲು ಹೊರಟಿತು.

ರುದ್ರಯ್ಯ ಎದ್ದು ನಿಂತಿದ್ದ. ಕುರ್ಚಿ ಉರುಳಿತ್ತು.

"ಅದು ಬೀಳ್ಬಾರ್ದು," ಎಂದ. "ನಾನು ಮೆತ್ತಿ ಓಗಿದ್ದೆ."

ಹೇಳಿದ ಮೇಲೆ ಅವನಿಗೇ ಕೇಳಿಸಿತು.

ಕೆಂಪಣ್ಣ ಈಗ ಮಾತಾಡಿದ. "ಈ ಮನೆಗೆ ಕಾಲಿಟ್ಟಿಲ್ಲ ಅಂದಿದ್ದಿರಿ. ಭಾನುವಾರ ಒಂದು ಗಂಟೆಗೆ ಅವನು ರೈಲಿಗೆ ಕೀಲಿ ಕೊಟ್ಟು ನಿಮಗೆ ತೋರಿಸಿದ. ನೀವು ಹೊಡೆದಿರಿ. ಅವನು ಬಿದ್ದ, ರೈಲು ನಿಲ್ಲಲಿಲ್ಲ. ನೀವು ಗೇಟು ಎತ್ತಿದಿರಿ. ಕೈ ಬಿಟ್ಟರೆ ಅದು ಮತ್ತೆ ಬಿತ್ತು. ಬೆರಳಲ್ಲಿದ್ದ ಸುಣ್ಣ ಮೆತ್ತಿದಿರಿ. ರೈಲು ನಿಂತಿತು, ನೀವು ಬಸ್ಸು ಹತ್ತಿದಿರಿ. ಬಿಸಿಲಿಗೆ ಸುಣ್ಣ ಒಣಗಿ ನಾಲ್ಕು ಗಂಟೆಯ ಮೇಲೆ ಉದುರಿತು. ಉಳಿದ ಕೀಲಿಯಷ್ಟು ರೈಲು ಓಡಿತು. ಹೊತ್ತಿನ ಲೆಕ್ಕದಲ್ಲಿ ನೀವು ಉಳಿದಿರಿ, ಮಾದಮ್ಮ ಸಿಕ್ಕಿಬಿದ್ದಳು. ನೀವು ಯೋಚಿಸಿ ಮಾಡಿದ್ದಲ್ಲ ಅದು. ಆದರೆ ಒಂದು ನೋಡಿ. ಮಾದಮ್ಮನಿಗೆ ಜೀವಮಾನವೆಲ್ಲ ಬೇಕಿದ್ದದ್ದು ಆ ಗೇಟು ಮುಚ್ಚಿದ್ದು. ಅವಳು ಅದನ್ನು ಎತ್ತುತ್ತಾಳೆಯೇ? ಅದು ಎತ್ತಿರಬೇಕಾದದ್ದು ಒಬ್ಬರಿಗೆ ಮಾತ್ರ."

ರುದ್ರಯ್ಯ ಓಡುತ್ತಿದ್ದ ರೈಲನ್ನೇ ನೋಡುತ್ತಿದ್ದ.

"ಗುಂಡಯ್ಯ ಕಂಬಿ ಪಕ್ಕ ಬಾವ್ಟ ಇಡ್ಕಂಡು ನಿಂತಿದ್ದ," ಎಂದ ಕೊನೆಗೆ. "ಬೆನ್ನು ಈ ಕಡೆಗಿತ್ತು. ನಾನು ಅಗ್ಗ ಬಿಚ್ಚಿ ಎತ್ತಿದೆ. ದಾಟ್ಬೋದು ಅನ್ನಿಸ್ತು. ಈ ಚಂದ್ರ ಮರದ ಮ್ಯಾಲೆ ಕೂತಿದ್ದ. ಏಳ್ಬ್ಯಾಡ ಕಣ್ಲಾ ಅಂದೆ. ಏಳ್ಲಿಲ್ಲ." ಅವನು ಉರುಳಿದ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿದ. "ಅವ್ನು ಬಿದ್ಮ್ಯಾಲೂ ರೈಲು ಸುತ್ತುತಾನೇ ಇತ್ತು. ಆ ಗೇಟು ಮುಚ್ಕಂಡೇ ಇತ್ತು. ಅದ್ನ ನೋಡಕ್ಕಾಗ್ಲಿಲ್ಲ ನಂಗೆ."

ರೈಲು ನಿಲ್ಲುವವರೆಗೆ ಕೆಂಪಣ್ಣ ಅವನ ಕೈಗೆ ಬೇಡಿ ಹಾಕಲಿಲ್ಲ.

*

ತೀರ್ಪು ಬರುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಅದರಲ್ಲಿ ಗುಂಡಯ್ಯನ ಹೆಸರಿನ ಒಂದು ಪ್ಯಾರಾ ಇತ್ತು. ಗೇಟು ಹಾಕಿತ್ತು ಎಂದು ಬರೆದಿದ್ದರು. ಕೆಂಪಣ್ಣ ಅದನ್ನು ಮಾದಮ್ಮನಿಗೆ ಎರಡು ಸಲ ಓದಿ ಹೇಳಿದ. ಕೋರ್ಟಿನಿಂದ ಬಿಡಿಸಿ ತಂದ ಬೊಂಬೆಯನ್ನು ಅವಳ ಅಂಗೈಯಲ್ಲಿಟ್ಟ.

ನೀಲಾಂಬಿಕೆ ಆ ಊರನ್ನು ಕಿತ್ತಿರಲಿಲ್ಲ. ದಿನಾ ಧೂಳು ಒರೆಸುತ್ತಿದ್ದಳು. ಕೋಣೆಗೆ ಮಾದಮ್ಮನನ್ನು ಕರೆದೊಯ್ದು, ತಮ್ಮನ ಪರವಾಗಿ ಏನೋ ಹೇಳಲು ಬಾಯಿ ತೆರೆದಳು.

"ಬ್ಯಾಡಿ ಕಣವ್ವ," ಎಂದಳು ಮಾದಮ್ಮ. "ಅವ್ರು ಏಳಿದ್ದು ತಡವಾತು. ಅದು ತಡವೇಯ."

ನೀಲಾಂಬಿಕೆ ಬದಿಗೆ ಸರಿದು ಮೇಜಿಗೆ ದಾರಿ ಬಿಟ್ಟಳು.

ಮಾದಮ್ಮ ಸೀರೆಯ ಸೆರಗಿಗೆ ಕೈ ಒರೆಸಿಕೊಂಡಳು. ಗೇಟಿನ ಪಕ್ಕದಲ್ಲಿ ಅಂಟು ಒಣಗಿದ ಒಂದು ಚುಕ್ಕೆ ಇತ್ತು. ಅಪ್ಪನನ್ನು ಅಲ್ಲಿ ನಿಲ್ಲಿಸಿದಳು. ಬೆನ್ನು ರಸ್ತೆಗೆ, ಬಾವುಟ ಕಂಬಿಗೆ. ಆ ಊರಿಗೆ ಅವನೊಬ್ಬನೇ ಜನ. ನೀಲಾಂಬಿಕೆ ಕೀಲಿ ಕೊಟ್ಟಳು.

ಕೆಂಪಣ್ಣ ಹತ್ತಿರದಿಂದ ನೋಡಲು ಮೇಜಿನತ್ತ ಹೆಜ್ಜೆ ಹಾಕಿದ. ಮಾದಮ್ಮ ತಿರುಗದೆಯೇ ಕೈ ಅಡ್ಡ ಚಾಚಿದಳು.

"ನಿಂತ್ಕಳಿ ಸಾ," ಎಂದಳು. "ಗಾಡಿ ಬತ್ತೈತೆ."

ಅವನು ನಿಂತ.