ಇಸ್ತ್ರಿಪೆಟ್ಟಿಗೆಯ ಹಿಡಿಕೆ

“ಪೆಟ್ಟಿಗೆ ಎಷ್ಟು ಬೇಕಾದ್ರೂ ತಿಕ್ಕಪ್ಪ. ಆ ಮರದ ಹಿಡಿಕೆ ಮಾತ್ರ ಕೆರೀಬೇಡ. ನಮ್ಮವ್ವನ ಕೈ ಅದರೊಳಗೇ ಇದೆ.”

ಇಸ್ತ್ರಿ ಅಜ್ಜಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಹೀಗೆಂದಾಗ ಪಾಲಿಶ್‌ನವನು ತಲೆ ಕೂಡ ಎತ್ತಲಿಲ್ಲ. ಆ ಬೀದಿಗೆ ಅವನು ಬಂದು ಮೂರು ತಿಂಗಳಾಗಿತ್ತಷ್ಟೆ. ಮನೆಮನೆಗಳ ಅಟ್ಟದಿಂದ ಇಳಿದ ಕಂದೀಲು, ಪಂಪ್ ಸ್ಟವ್, ಬೆರಳು ತೂರಿಸಿ ತಿರುಗಿಸುವ ಫೋನು ಎಲ್ಲವನ್ನೂ ತಿಕ್ಕಿ ತೀಡಿ ಹೋಟೆಲುಗಳ ಗಾಜಿನ ಕಪಾಟಿಗೆ ಕಳಿಸುವುದು ಅವನ ಕಸುಬು. ಒಂದು ಕಾಲಕ್ಕೆ ಮನೆಯವರ ಜೊತೆಗೇ ಎದ್ದು ಮನೆಯವರ ಜೊತೆಗೇ ಮಲಗುತ್ತಿದ್ದ ಸಾಮಾನುಗಳವು. ಈಗ ಕರೆಯದೆ ಬಂದ ನೆಂಟರ ಹಾಗೆ ಗೋಡೆಗೊರಗಿ ಕೂತಿದ್ದವು. ಅಜ್ಜಿಯ ಇದ್ದಿಲು ಇಸ್ತ್ರಿಪೆಟ್ಟಿಗೆಯನ್ನು ಅವಳ ಸೊಸೆಯೇ ಬೆಳಿಗ್ಗೆ ತಂದು ಮಾರಿ ಹೋಗಿದ್ದಳು.

“ಕೈ ಅಂದ್ರೆ, ಉಂಗುರ ಸಮೇತನಾ ಅಜ್ಜಿ?”

ಅಜ್ಜಿ ನಗಲಿಲ್ಲ. “ಅವ್ವ ಸತ್ತ ದಿನ ನಾನೇ ಮಾಟ ಮಾಡಿ ಕಟ್ಟಿದ್ದು. ಅವಳ ಕೂದಲು, ಉಗುರು, ಕರಿದಾರ. ಎಲ್ಲಾ ಹೋಗಲಿ, ನನ್ನ ತಲೆ ಸವರಿದ ಕೈಯೊಂದು ಉಳೀಲಿ ಅಂತ. ಹೊರಗೆ ಬಿಟ್ರೆ ಅದು ಸುಮ್ನಿರಲ್ಲ. ಇನ್ನೊಂದು ಕೈ ಹುಡುಕುತ್ತೆ.”

“ಹುಡುಕಲಿ ಬಿಡಿ. ನನಗೂ ಕೆಲಸಕ್ಕೆ ಒಂದು ಕೈ ಕಮ್ಮಿ ಇದೆ.”

“ಹಾಗಾದ್ರೆ ವಾಪಸ್ ಕೊಟ್ಬಿಡು.”

“ಹೋಟೆಲಿನವರಿಗೆ ಮಾತು ಕೊಟ್ಟಾಗಿದೆ.”

ಅಜ್ಜಿ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು.

ದೂಳು ಬೀದಿಗೆ ಹಾರದಿರಲೆಂದು ಅವನು ಷಟರ್ ಎಳೆದುಕೊಂಡ. ಹೊರಗೆ ನಡುಹಗಲ ಉರಿಬಿಸಿಲು, ಒಳಗೆ ಒಂದು ಮಂಕು ಬಲ್ಬು, ಸುತ್ತ ಕತ್ತಲು. ಹಿಡಿಕೆಯ ಮೇಲೆ ನಾಲ್ಕು ಬೆರಳಿನ ಗುಳಿಗಳಿದ್ದವು, ಪಕ್ಕದಲ್ಲಿ ಹೆಬ್ಬೆರಳಿನದೊಂದು. ಊರವರ ಬಟ್ಟೆಗೆ ಇಸ್ತ್ರಿ ಹಾಕುತ್ತ ನಲವತ್ತು ವರ್ಷ ಒಂದೇ ಕೈ ಒತ್ತಿ ಒತ್ತಿ ಸವೆಸಿದ್ದು. ಅವನ ಕಸುಬಿನಲ್ಲಿ ಗುಳಿಯೆಂದರೆ ದೋಷ. ಅರ ಹಿಡಿದು ಉಜ್ಜಿದ. ಕೆಂಡವಿಲ್ಲದ ಪೆಟ್ಟಿಗೆಯಿಂದ ಇದ್ದಿಲ ಘಾಟು ಎದ್ದಿತು. ನೀರು ಚಿಮುಕಿಸಿದ ಹತ್ತಿಬಟ್ಟೆ ಬಿಸಿಗೆ ಸುಯ್ಯೆನ್ನುವ ಸದ್ದು ಕೇಳಿಸಿತು. ಪಕ್ಕದ ಮನೆಯದಿರಬೇಕು ಎಂದುಕೊಂಡು ಮತ್ತೆ ಉಜ್ಜಿದ. ಮರ ಬೆಚ್ಚಗಾಗುತ್ತ ಬಂತು. ಕೊನೆಯ ಗುಳಿ ಸಮವಾದಾಗ ಕತ್ತಲಲ್ಲಿ ಯಾರೋ ನಿಟ್ಟುಸಿರು ಬಿಟ್ಟ ಹಾಗಾಯಿತು.

ಹಳೆಯ ಮರದ ಪುಡಿಯನ್ನು ಪಾಲಿಶ್‌ನವರು ಚೆಲ್ಲುವುದಿಲ್ಲ. ಅಂಟಿನಲ್ಲಿ ಕಲಸಿ ಇನ್ನೊಂದು ಹಳೆಯ ಮರದ ಬಿರುಕಿಗೆ ತುಂಬುತ್ತಾರೆ. ಹೊಸ ಮರದ ಪುಡಿಗೆ ಆ ಬಣ್ಣ ಬರುವುದಿಲ್ಲ. ಅವನೂ ಪೊಟ್ಟಣ ಕಟ್ಟಿ ಜೇಬಿಗೆ ಹಾಕಿಕೊಂಡು ಮನೆಗೆ ಹೋದ. ಬೆವರಿನ ಅಂಗಿ ಕಳಚಿಟ್ಟು ಊಟಕ್ಕೆ ಕೂತ.

ಮನೆಯಲ್ಲಿದ್ದದ್ದು ಅವನು ಮತ್ತು ಅಮ್ಮ, ಇಬ್ಬರೇ. ನಲವತ್ತರ ಹತ್ತಿರ ಬಂದ ಮಗನಾದರೂ ತಲೆಯ ಮೇಲೊಮ್ಮೆ ಕೈಯಾಡಿಸದೆ ಅವಳು ಬಡಿಸುತ್ತಿರಲಿಲ್ಲ. ಅವತ್ತೂ ಕೈಯಾಡಿಸಿ, ಬಡಿಸಿ, ಒಗೆಯಲೆಂದು ಅಂಗಿ ಎತ್ತಿಕೊಂಡು ಜೇಬು ತಡಕಿದಳು.

“ಇದೇನೋ, ನಶ್ಯ ಶುರು ಮಾಡಿದ್ಯಾ?” ಎನ್ನುತ್ತ ಪುಡಿಯನ್ನು ಅಂಗೈಗೆ ಸುರಿದುಕೊಂಡಳು.

ಅವಳ ಬಲಗೈ ಧೊಪ್ಪೆಂದು ಮೇಜಿನ ಮೇಲೆ ಬಿತ್ತು. ಮುಷ್ಟಿ ಕಟ್ಟಿತು. ಮುಂದೆ ಹೋಯಿತು. ಹಿಂದೆ ಬಂತು. ಮುಂದೆ. ಹಿಂದೆ. ಲೋಟ ಉರುಳಿತು. ತಟ್ಟೆ ಬಿತ್ತು.

“ನಿಲ್ಸಮ್ಮ.”

“ನಾನಲ್ಲ ಕಣೋ.”

ಅವನು ಹಿಡಿದ. ಕೆಂಡದ ಬಿಸಿ. ಬಿಟ್ಟ. ಮತ್ತೆ ಹಿಡಿದ. ಅಂಗೈ ಬೊಕ್ಕೆಯೆದ್ದಿತು. ಮನೆ ತುಂಬ ಇದ್ದಿಲ ಘಾಟು. ಕೈ ನಿಲ್ಲಲಿಲ್ಲ.

“ನನ್ನ ಕೈ ನನಗೇ ತಿಳೀತಿಲ್ಲ ಮಗ,” ಎಂದಳು ಅಮ್ಮ.

ಓಡಿದ. ಅಜ್ಜಿಯ ಕಾಲು ಹಿಡಿದ. “ಬಿಡಿಸಿ ಅಜ್ಜಿ. ನಮ್ಮಮ್ಮನ ಕೈ ನನಗೆ ಬೇಕು.”

ಅಜ್ಜಿ ಅವನ ಬೊಕ್ಕೆಯೆದ್ದ ಅಂಗೈಯನ್ನು ತಿರುಗಿಸಿ ನೋಡಿದಳು. “ಕಟ್ಟೋದಷ್ಟೇ ನಾನು ಕಲ್ತದ್ದು. ಬಿಡಿಸೋದು ಕಲಿಯೋಕೆ ಮನಸ್ಸೇ ಬರ್ಲಿಲ್ಲ.”

ಆದರೂ ಅವನ ಹಿಂದೆ ಬಂದಳು. ಬಂದು, ಅವನ ಅಮ್ಮನ ಪಕ್ಕದಲ್ಲಿ ಮೆಲ್ಲಗೆ ಕೂತಳು.

ಕೈ ನಿಂತಿತು. ಮುಷ್ಟಿ ಬಿಚ್ಚಿಕೊಂಡಿತು. ಗಾಳಿಯಲ್ಲಿ ತಡಕಾಡಿ, ಅಜ್ಜಿಯ ನರೆತಲೆಯನ್ನು ಹುಡುಕಿಕೊಂಡು, ನೆತ್ತಿಯಿಂದ ಕತ್ತಿನವರೆಗೂ ನಿಧಾನವಾಗಿ ಇಳಿಯಿತು.

“ಅವ್ವಾ,” ಎಂದಳು ಎಪ್ಪತ್ತು ದಾಟಿದ ಆ ಮುದುಕಿ. ದನಿ ಮಗುವಿನದಾಗಿತ್ತು.

ಅಮ್ಮ ಮಾತ್ರ ಮಗನನ್ನೇ ನೋಡುತ್ತಿದ್ದಳು. ಕಣ್ಣು ತುಂಬಿ ಹರಿಯುತ್ತಿತ್ತು. ಅವನು ಮೊಣಕಾಲೂರಿ ಅವಳ ಮಡಿಲಲ್ಲಿ ತಲೆಯಿಟ್ಟ. ಕೈ ಬಂತು. ಅವನ ಕೂದಲನ್ನು ಮುಟ್ಟಿ ನೋಡಿತು. ಆಮೇಲೆ, ಬೇರೆ ಯಾರದೋ ಮನೆಯ ಬಟ್ಟೆ ಗಂಟಿಗೆ ಬಂದು ಸೇರಿದಾಗ ಇಸ್ತ್ರಿಯವರು ಬದಿಗಿಡುವಂತೆ, ಒರಟುತನವಿಲ್ಲದೆ, ಅವನ ತಲೆಯನ್ನು ಪಕ್ಕಕ್ಕೆ ಸರಿಸಿತು.